ಎಂಟನೆಯ ಕಾಲು

ರಾತ್ರಿ ಹನ್ನೊಂದಕ್ಕೆ ತ್ರೂದಾಳ ಬಾಗಿಲು ತಟ್ಟುವವರು
ಸಾಮಾನ್ಯವಾಗಿ ಹಲ್ಲುಸೆಟ್ಟು ಮುರಿದುಕೊಂಡವರು:
ನಾಳೆ ಮದುವೆಯಂತೆ, ನಗಬೇಕಂತೆ.
ಈ ಸಲ ಕೆಳಮಹಡಿಯ ತೀಮೆಕ್.
ಪೈಜಾಮದ ಮೇಲೆ ಅಪ್ಪನ ಗಣಿಕೋಟು,
ಎದೆಗವಚಿದ ಗಾಜಿನ ಪೆಟ್ಟಿಗೆ.
ಅಲುಗಬಾರದೆಂದು ಮೆಟ್ಟಿಲು ಎಣಿಸಿಕೊಂಡೇ ಬಂದನಂತೆ,
ಮೂವತ್ತೆಂಟು.

"ಸತ್ತಿಲ್ಲ," ಅಂದ, ಅವಳು ಕೇಳುವ ಮೊದಲೇ.
"ಸತ್ತರೆ ಕಾಲು ಮುದುಡಿ ಕವುಚಿಕೊಳ್ತಾಳೆ.
ಇವಳು ಅಂಗಾತ. ಮಧ್ಯಾಹ್ನದಿಂದ ಪೊರೆ ಬಿಡ್ತಾ ಇದಾಳೆ,
ಸಿಕ್ಕಿಕೊಂಡಿದಾಳೆ. ನಿಮ್ಮ ಹತ್ರ ಸಣ್ಣ ಕುಂಚ ಇದೆ ಅಲ್ವಾ?"

ಇತ್ತು. ಪಿಂಗಾಣಿ ಹಲ್ಲಿಗೆ ಹಳದಿ ಛಾಯೆ ಬಳಿಯುವ ಕುಂಚ,
ಮೂರೇ ಕೂದಲಿನದು.
ಮೂವತ್ತು ವರ್ಷ ಬಿತೋಮಿನ ಬಾಯಿಗಳನ್ನೆಲ್ಲ
ಮೇಣದಲ್ಲಿ ಅಚ್ಚುಹಾಕಿದವಳು
ಜೇಡನ ಬಾಯಿ ನೋಡಿರಲಿಲ್ಲ.
ದೀಪ ಎಳೆದಳು. ಭೂತಗನ್ನಡಿ ಬಲಗಣ್ಣಿಗೆ ಹಿಡಿದಳು.
ಎಡಗಣ್ಣಿಗೆ ಪೊರೆ ಬಂದಿತ್ತು. ಗುರುವಾರದ ಆಸ್ಪತ್ರೆ ಚೀಟಿ
ಫ್ರಿಜ್ಜಿನ ಮೇಲೆ, ಇದು ನಾಲ್ಕನೆಯ ಗುರುವಾರ.

ಅಂಗೈಯಗಲದ ಶ್ರುಬ್ಕಾ,
ಮಂಡಿಗಳಲ್ಲಿ ಕೆಂಡದ ಬಣ್ಣ,
ಬೆನ್ನಿನ ಮುಚ್ಚಳ ಡಬ್ಬಿಯಂತೆ ತೆರೆದುಕೊಂಡು
ತನ್ನಿಂದ ತಾನೇ ಅರ್ಧ ಹೊರಗೆ.
ಐದು ಕಾಲು ಬಂದಿವೆ, ಹಾಲಿನ ಕೆನೆಯಷ್ಟು ಮೆತ್ತಗೆ.
ಮೂರು ಹಳೆಯ ಕಾಲುಚೀಲದೊಳಗೇ.
ಹೀಟರು ಕೋಣೆಯ ಗಾಳಿಯನ್ನು ಹಪ್ಪಳ ಮಾಡಿತ್ತು,
ಪೊರೆಯೂ ಹಪ್ಪಳ.

"ಎಳೆಯೋಣವಾ?"
"ಕೈ ಕಟ್ಟಿಕೋ."
ಕೈ ಕಟ್ಟಿಕೊಂಡ.
"ಹೊಟ್ಟೆ ಹತ್ತಿರ ನೀರು ಬೇಡ, ಅಲ್ಲೇ ಉಸಿರಾಡೋದು," ಅಂದ,
ಕಟ್ಟಿದ ಕೈ ಬಿಡದೆ.

ಬೆಚ್ಚಗಿನ ನೀರು, ಅದಕ್ಕೊಂದು ತೊಟ್ಟು ಗ್ಲಿಸರಿನ್.
ಕೀಲಿಗೆ ಒಂದು ಹನಿ. ಕಾಯುವುದು.
ಇನ್ನೊಂದು ಕೀಲಿಗೆ. ಕಾಯುವುದು.
ಹೊರಗೆ ಕೊನೆಯ ಟ್ರಾಮು ಹೋದಾಗ
ಬಟ್ಟಲ ನೀರು ನಡುಗಿತು, ಅವಳ ಕೈ ನಡುಗಲಿಲ್ಲ.
ಜೇಡ ಒಮ್ಮೆ ಉಬ್ಬುವುದು, ಒಮ್ಮೆ ಸುಮ್ಮನಾಗುವುದು,
ಬಿಗಿ ಬಾವಿಹಗ್ಗದ ಹಾಗೆ
ಎಳೆತ ಒಳಗಿನಿಂದಲೇ ಬರಬೇಕು.

ಒಂದೂವರೆಗೆ ಆರನೆಯದು.
ಎರಡೂ ಕಾಲಿಗೆ ಏಳನೆಯದು, ಸದ್ದಿಲ್ಲದೆ,
ಕೈಗವಸಿನಿಂದ ಬೆರಳು ಜಾರಿದಂತೆ.
ತೀಮೆಕ್‌ಗೆ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲು
ಕೈ ಬಿಡಬಹುದಾ ಎಂದು ಕೇಳಿದ.

ಎಂಟನೆಯದು ಬರಲಿಲ್ಲ.

ಮೂರು ಗಂಟೆ. ಮೆತ್ತಗಿನ ಮೈ ಗಟ್ಟಿಯಾಗತೊಡಗಿತ್ತು.
ತ್ರೂದಾ ಕತ್ತರಿ ತೆಗೆದಳು, ಚಿನ್ನದ ರೇಕು ಕತ್ತರಿಸುವುದು.
ಯಾವುದು ಬರೀ ಪೊರೆ, ಯಾವುದು ಕಾಲು
ಎಂದು ತಿಳಿಯಬೇಕಾದ್ದು ಕೂದಲೆಳೆಯಲ್ಲಿ;
ಎಡಗಣ್ಣು ಮುಚ್ಚಿದಳು, ತೆರೆದಳು:
ಎರಡಕ್ಕೂ ವ್ಯತ್ಯಾಸವಿರಲಿಲ್ಲ, ಮಂಜು, ಬರೀ ಮಂಜು.
ಈ ಕಣ್ಣನ್ನು ಎಷ್ಟು ದಿನದಿಂದ ಹೀಗೆ
ಒಳಗೇ ಒಣಗಲು ಬಿಟ್ಟೆ ಎಂದುಕೊಂಡಳೋ ಏನೋ,
"ನೀನು ಹೇಳು," ಅಂದಳು ಹುಡುಗನಿಗೆ,
"ನಿನ್ನ ಕಣ್ಣು ಹೊಸದು."
"ಇನ್ನೂ ಕೆಳಗೆ. ಕೆಳಗೆ. ಅಲ್ಲಿ ಖಾಲಿ ಇದೆ. ಹ್ಞೂಂ."
ಕಟ್.

ಕಾಲು ಬಂತು. ಸೊಟ್ಟಗೆ.
ಪಾದದ ತುದಿಯಲ್ಲಿ ಹಳೆಯದೊಂದು ಚೂರು
ಹಾಗೇ ಉಳಿಯಿತು, ಬಿಚ್ಚದ ಬ್ಯಾಂಡೇಜಿನಂತೆ.
"ಇರಲಿ ಬಿಡಿ," ಅಂದ ಹನ್ನೊಂದರ ಹುಡುಗ ಹಿರಿಯನಂತೆ,
"ಮುಂದಿನ ಪೊರೆಗೆ ಸರಿಹೋಗತ್ತೆ. ವರ್ಷ ಆಗಬಹುದು."

ಕಳಚಿದ್ದನ್ನು ಚಿಮುಟದಲ್ಲಿ ಎತ್ತಿ ನೋಡಿದರೆ
ಇನ್ನೊಂದು ಇಡೀ ಜೇಡ, ಒಳಗೆ ಯಾರೂ ಇಲ್ಲ.
ಬಾಯಲ್ಲಿ ಎರಡು ಕಪ್ಪು ಕೋರೆ, ಅವೂ ಚಿಪ್ಪು.
"ಹಲ್ಲನ್ನೂ ಬಿಡ್ತಾಳಾ?"
"ಎಲ್ಲಾ ಬಿಡ್ತಾಳೆ."
ತ್ರೂದಾ ಪೆಟ್ಟಿಗೆಗೆ ಬಗ್ಗಿದಳು. ಹೊಸ ಕೋರೆಗಳು
ಬೆಳ್ಳಗೆ, ಪೂರಾ ಬೆಳ್ಳಗೆ, ಹಾಲುಹಲ್ಲು.
ಅವಳ ಡಬ್ಬಿಗಳಲ್ಲಿರುವ ಯಾವ ಛಾಯೆಯೂ
ಇದಕ್ಕೆ ಹೊಂದುತ್ತಿರಲಿಲ್ಲ.

"ಹತ್ತು ದಿನ ತಿನ್ನಲಿಕ್ಕೆ ಏನೂ ಕೊಡಬಾರದು," ಆಕಳಿಸಿದ.
ಸ್ವಲ್ಪ ಹೊತ್ತಿಗೆ, ಕುರ್ಚಿಯಲ್ಲೇ ವಾಲಿಕೊಂಡು,
"ಅವಳಿಗೆ ನೋವಾಯ್ತಾ?"

"ಗೊತ್ತಿಲ್ಲಪ್ಪ. ನಾನು ಹಲ್ಲು ಮಾಡೋಳು."

ಕೋಟನ್ನು ಅವನ ಮೇಲೆ ಸರಿಯಾಗಿ ಹೊದಿಸಿ
ಫ್ರಿಜ್ಜಿನ ಚೀಟಿಯನ್ನು ಓದಲು ಹೋದಳು,
ಭೂತಗನ್ನಡಿ ಹಿಡಿದುಕೊಂಡು.